ಜೈಲು, ಇಲ್ಲಾ ದಂಡ, ಇಲ್ಲಾ ಎರಡೂವೆ

ಮೊನ್ನೆ ನಮ್ಮ ಮನೆಯ ಬಾತ್‌ರೂಮಿಗೆ ಹೊಸ ಟೈಲ್ಸ್ ಹಾಕಿಸಿದರು. ನನಗೆ ವಯಸ್ಸಾಯಿತು, ಎಲ್ಲಿ ಜಾರಿ ಬೀಳುತ್ತೇನೋ ಎಂದು ಎಲ್ಲರಿಗೂ ದಿಗಿಲು. ಕೆಲಸಕ್ಕೆ ಬಂದಿದ್ದ ಮೇಸ್ತ್ರಿ, "ಇದು ಒರಟು ಮಾಲು ಅಜ್ಜೀ, ಸೋಪು ಚೆಲ್ಲಿದ್ರೂ ಕಾಲು ಜಾರಲ್ಲ" ಎಂದು ಒಂದು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಮಗುಚಿ ಬೆನ್ನು ನೋಡಿದೆ.

"ಕಂಪನಿ ಹೆಸರು ನೋಡ್ತಿದ್ದೀರಾ?" ಎಂದ.

"ಅಲ್ಲಪ್ಪ, ಯಾರಾದರೂ ಸತ್ತವರ ಹೆಸರು ಇದೆಯೋ ಅಂತ" ಎಂದೆ. ಪಾಪ, ಆಮೇಲೆ ಸಂಜೆಯವರೆಗೂ ಅವನು ನನ್ನ ಹತ್ತಿರ ಸುಳಿಯಲಿಲ್ಲ.

ಕಲ್ಲು ಕಂಡರೆ ಅದರ ಬೆನ್ನು ನೋಡುವ ಈ ಬ್ಯಾಡ್ ಹ್ಯಾಬಿಟ್ಟನ್ನು ನನಗೆ ಅಂಟಿಸಿದವರು ದಫೇದಾರಪ್ಪ. ಅವರಿಗೂ ಒಂದು ಹೆಸರಿತ್ತು. ಆದರೆ ಅದು ಪೆನ್ಷನ್ ಕಾಗದ ಬಿಟ್ಟು ಬೇರೆಲ್ಲೂ ಓಡಾಡಿದ್ದನ್ನು ನಾನು ಕಾಣೆ. ಇಲ್ಲಿಯೂ ಅದು ಓಡಾಡುವುದು ಬೇಡ. ಮೊದಲನೇ ಮಹಾಯುದ್ಧದಲ್ಲಿ ಮಹಾರಾಜರ ಕುದುರೆ ಪಡೆಯಲ್ಲಿ ದಫೇದಾರರಾಗಿ ಕಡಲಾಚೆಯ ಮರಳುಗಾಡು ಕಂಡು ಬಂದವರು. ಆದ್ದರಿಂದ ಹಾಸನಕ್ಕೆಲ್ಲ ಅವರು ದಫೇದಾರಪ್ಪ, ಅವರ ಹೆಂಡತಿ ದಫೇದಾರವ್ವ. ನಮ್ಮ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಕ್ರಿಶ್ಚಿಯನ್ನರ ಸಮಾಧಿ ತೋಟಕ್ಕೆ ಅವರು ಕಾವಲಿದ್ದರು. ಅವರ ಮನೆ ನಮ್ಮ ಮನೆಯ ಪಕ್ಕದಲ್ಲೇ ಇತ್ತು.

ಮೊಣಕಾಲಿನವರೆಗೆ ಪಂಚೆ, ಮೇಲೆ ಹಿತ್ತಾಳೆ ಗುಂಡಿಯ ಖಾಕಿ ಕೋಟು. ಎದೆಯ ಒಂದು ಕಡೆ ಮೆಡಲು, ಇನ್ನೊಂದು ಕಡೆ ಬೆಳ್ಳಿ ಕರಡಿಗೆಯೊಳಗಿನ ಲಿಂಗ. ವರ್ಷಗಟ್ಟಲೆ ಕುದುರೆಯ ಮೇಲೆ ಕೂತು ಕೂತು ಕಾಲುಗಳ ನಡುವೆ ಒಂದು ಕುಂಬಳಕಾಯಿ ತೂರುವಷ್ಟು ಸಂದಿ. ಮನುಷ್ಯರನ್ನೂ ಅವರು ಕುದುರೆಗಳಂತೆಯೇ ಸಂಭಾಳಿಸುತ್ತಿದ್ದರು. ನಮ್ಮ ಅಜ್ಜಿಗೂ ಅಕ್ಕಪಕ್ಕದವರಿಗೂ ಜಗಳ ಹತ್ತಿದರೆ, ನಡುವೆ ನಿಂತು ನಾಲಿಗೆಯಲ್ಲಿ ಲೊಟ್ಟೆ ಹೊಡೆದು "ಓ... ಓ..." ಎನ್ನುವರು. ಅವಮಾನವೆಂದು ಸಿಟ್ಟಾಗಬೇಕಾದವರು, ಅದೇನು ಮಾಯೆಯೋ, ಸುಮ್ಮನಾಗಿಬಿಡುತ್ತಿದ್ದರು.

ಲಿಂಗ ಕಟ್ಟಿದವನಿಗೆ ಕಿರಿಸ್ತಾನರ ಗೋರಿ ಕಾಯುವ ಕೆಲಸ ಏಕೆ ಎಂದು ಕೇಳುವವರು ಬಹಳ ಇದ್ದರು. ಅವರದು ಒಂದೇ ಉತ್ತರ: "ನಾವೂ ಮಣ್ಣಾಗೆ ಉಗೀತೀವಿ, ಅವ್ರೂ ಮಣ್ಣಾಗೆ ಉಗೀತಾರೆ. ನಮ್ಮೋರು ಕುಂತ್ಕಂಡಿರ್ತಾರೆ, ಅವ್ರು ಮಲಿಕ್ಕಂಡಿರ್ತಾರೆ. ಅಷ್ಟೇಯ ಕಣ."

ನಾನಾಗ ಮೈಸೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ರಜಕ್ಕೆ ಹಾಸನಕ್ಕೆ ಬರುತ್ತಿದ್ದೆ. ಹತ್ತು ವರ್ಷದವಳಿದ್ದಾಗ ಒಂದು ಬೇಸಿಗೆಯಲ್ಲಿ ಕುಂಟೆಬಿಲ್ಲೆ ಆಡಲು ಒಳ್ಳೆಯ ಬಿಲ್ಲೆ ಬೇಕಾಗಿ, ಹಿಂದಿನ ಗೋಡೆ ಹಾರಿ, ಯಾವುದೋ ಗೋರಿಯ ಮುರಿದ ಮೂಲೆಯಿಂದ ಬೆಳ್ಳಗಿನ ಅಮೃತಶಿಲೆಯ ಚೂರೊಂದನ್ನು ಎತ್ತಿಕೊಂಡು ಬಂದೆ. ಎರಡನೇ ಮನೆಗೆ ಬಿಲ್ಲೆ ಎಸೆದು ಒಂಟಿ ಕಾಲಲ್ಲಿ ನಿಂತಿದ್ದೇನೆ, ಹಿಂದಿನಿಂದ "ಓ... ಓ..." ಎಂದು ಕೇಳಿಸಿತು. ಅದೇ ಒಂಟಿ ಕಾಲಲ್ಲಿ ಕುಂಟಿಸಿಕೊಂಡೇ ನನ್ನನ್ನು ಅಪ್ಪನ ಆಫೀಸು ಕೋಣೆಗೆ ಕರೆದೊಯ್ದರು. ಅಪ್ಪ ವಕೀಲರು.

"ಸಾ, ಗೋರಿ ಮಾಲು ಕದ್ರೆ ನಿಮ್ ಕೋರ್ಟ್ನಾಗೆ ಏನೈತೆ?"

ಅಪ್ಪ ಬಿಲ್ಲೆಯನ್ನೂ ನನ್ನನ್ನೂ ನೋಡಿದರು. ಕಪಾಟಿನಿಂದ ಪೀನಲ್ ಕೋಡ್ ತೆಗೆದು, ಇನ್ನೂರ ತೊಂಬತ್ತೇಳನೇ ಸೆಕ್ಷನ್ನಿಗೆ ಪುಟ ತಿರುಗಿಸಿ, "ನೀನೇ ಗಟ್ಟಿಯಾಗಿ ಓದು. ಓದಿ ದಫೇದಾರ್ರಿಗೆ ಕನ್ನಡದಲ್ಲಿ ಹೇಳು. ಅದೇ ನಿನಗೆ ಪನಿಶ್‌ಮೆಂಟ್" ಎಂದರು.

ನನ್ನ ಶಿಕ್ಷೆಯನ್ನು ನಾನೇ ಓದಿದೆ. ಸಿಸ್ಟರ್ ಕಲಿಸಿದಂತೆ ಎದೆ ಎತ್ತಿ, ಕಾಮಾ ಬಂದಲ್ಲಿ ಉಸಿರೆಳೆದು, ಕಣ್ಣೀರು ಒರೆಸಿಕೊಳ್ಳುತ್ತ. ಆಮೇಲೆ ಕನ್ನಡ ಮಾಡಿದೆ: ಯಾರದಾದರೂ ಮನಸ್ಸು ನೋಯಿಸಬೇಕೆಂದೋ, ನೋಯುತ್ತದೆಂದು ಗೊತ್ತಿದ್ದೋ, ಸತ್ತವರನ್ನು ಹೂಳುವ ಜಾಗಕ್ಕೆ ನುಗ್ಗಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ದಫೇದಾರಪ್ಪ ಅಟೆನ್ಷನ್ನಿನಲ್ಲಿ ನಿಂತು ಕೇಳಿಸಿಕೊಂಡರು. "ಮನಸ್ಸು ನೋಯೋದು ಯಾರ್ದು ಪುಟ್ಟವ್ವಾರೇ? ಸತ್ತೋರ್ದಾ, ಬದ್ಕಿರೋರ್ದಾ?"

ನನ್ನ ಬದಲು ಅಪ್ಪ ಹೇಳಿದರು: "ಬದುಕಿರೋರದು ದಫೇದಾರ್ರೇ. ಸತ್ತವರು ಕೋರ್ಟಿಗೆ ಬಂದು ನೋವಾಯ್ತು ಅನ್ನೋಕಾಗುತ್ಯೇ?"

"ಅಂಗಾದ್ರೆ ಕಾನೂನ ಅರ್ಧ ಬರ್ದು ಮಡಗವ್ರೆ ಸಾ" ಎಂದು ಬಿಲ್ಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಅರ್ಧವೋ ಪೂರ್ತಿಯೋ, ಆ ಕೊನೆಯ ಮೂರು ಮಾತು ಅವರಿಗೆ ವಿಪರೀತ ಹಿಡಿಸಿಬಿಟ್ಟಿತು. ಸಮಾಧಿ ತೋಟಕ್ಕೆ ಆಡು ನುಗ್ಗಲಿ, ಮೀನಿನ ಗಾಳಕ್ಕೆ ಕಟ್ಟುವ ಗುಂಡಿಗಾಗಿ ಗೋರಿಯ ಸೀಸದ ಅಕ್ಷರ ಕೀಳಲು ಯಾರಾದರೂ ಬರಲಿ, ದೊಣ್ಣೆ ಎತ್ತುವುದಕ್ಕೆ ಮೊದಲು ಗಂಟಲು ಎತ್ತುವರು: "ಒಂದ್ ವರ್ಸ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂವೆ!" ಆಡಿನವರು "ಗೋರಿ ಅಂತ ಆಡಿಗೆ ಗೊತ್ತಿಲ್ಲ ಸಾಮಿ" ಎಂದರೆ, "ಎಲ್ಲ ಕಳ್ರೂ ಏಳೋದು ಅದ್ನೇಯ" ಎಂದು ಆಡನ್ನು ದೊಡ್ಡಿಗೆ ಹೊಡೆಯುವರು. ಕಡೆಕಡೆಗೆ ಅದು ಅವರ ಎಲ್ಲ ಮಾತಿಗೂ ಬಾಲವಾಯಿತು. "ಕಾಫಿ ಕೊಡಲೋ, ಮಜ್ಜಿಗೆಯೋ?" ಎಂದು ಅಜ್ಜಿ ಕೇಳಿದರೆ, "ಕಾಪಿ ಕೊಡಿ, ಇಲ್ಲಾ ಮಜ್ಜಿಗೆ, ಇಲ್ಲಾ ಎರಡೂವೆ" ಎನ್ನುವರು. ಅಜ್ಜಿ ಬೈಯುತ್ತಲೇ ಎರಡನ್ನೂ ಕೊಡುತ್ತಿದ್ದಳು.

ಅಜ್ಜಿಯನ್ನೂ ಅವರು ಬಿಟ್ಟವರಲ್ಲ. ಗೋಡೆಯಾಚೆ ಒಂದು ಕಣಗಿಲೆ ಗಿಡ ಹೂಬಿಟ್ಟು ಬಾಗಿತ್ತು. ಅಜ್ಜಿ ದಿನಾ ಬೆಳಿಗ್ಗೆ ಮಡಿಯುಟ್ಟು, ಈಚೆಯಿಂದ ದೋಟಿ ಹಾಕಿ ಕೊಂಬೆ ಎಳೆದು ಪೂಜೆಗೆ ಹೂ ಬಿಡಿಸುತ್ತಿದ್ದಳು. ಒಂದು ದಿನ ಕೊಂಬೆ ಬರಲೊಲ್ಲದು. ಎಳೆದರೆ ಆಚೆಗೆ ಹೋಗುತ್ತದೆ.

"ಯಾರದು?" ಎಂದಳು ಅಜ್ಜಿ.

"ನಾನೇ ಅಮ್ಮಾರೇ. ಎಳೀಬ್ಯಾಡಿ, ಸೆಕ್ಷನ್ ಅದೆ."

"ದೇವರಿಗೆ ಕಣಪ್ಪಾ!"

"ದೇವ್ರಿಗಾದ್ರೆ ಕಿತ್ಕಳಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಬೇರು ಎಲ್ಲೈತೆ ಗೊತ್ತಾ? ಮುಂಚೆ ಅಬ್ಕಾರಿ ಇನ್ಸ್‌ಪೆಟ್ರು ಇದ್ರಲ್ಲ, ಎಂಡದ ಅಂಗ್ಡಿ ನೋಡ್ಕತ್ತಿದ್ದೋರು, ಅವರ ಎದೆ ಮ್ಯಾಲೆ."

ದೋಟಿ ಅಲ್ಲೇ ಬಿತ್ತು. ಅಜ್ಜಿ ಆ ದಿನ ಮೂರು ಸಲ ಸ್ನಾನ ಮಾಡಿದಳು. ಸಂಜೆ ದಫೇದಾರಪ್ಪನಿಗೇ ಮರುಕ ಬಂದು, ನಮ್ಮ ಹಿತ್ತಲಲ್ಲಿ ಒಂದು ಕಣಗಿಲೆ ಕಡ್ಡಿ ನೆಟ್ಟುಕೊಟ್ಟರು. "ಇದ್ರ ಕೆಳ್ಗೆ ಯಾರೂ ಇಲ್ಲ ಅಮ್ಮಾರೇ. ಅಗ್ದು ನೋಡೀವ್ನಿ."

ಇಷ್ಟೆಲ್ಲ ಕಾವಲಿನ ಹಿಂದೆ ಒಂದು ಗೋರಿ ಇತ್ತು. ಅದಕ್ಕೆ ಕಲ್ಲಿರಲಿಲ್ಲ.

ಅದು ಅವರ ಪಡೆಯಲ್ಲೇ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಗೆಳೆಯನದು. ಯುದ್ಧದಿಂದ ಒಂದು ಗೀರೂ ಆಗದೆ ಹಿಂತಿರುಗಿದವನು, ಊರಿಗೆ ಬಂದ ಚಳಿಗಾಲದಲ್ಲೇ ಇನ್‌ಫ್ಲುಯೆಂಜಾ ಜ್ವರದಲ್ಲಿ ಹೋಗಿಬಿಟ್ಟ. ಪಡೆಯವರು ಹೆಸರು ಕೆತ್ತಿಸಿ, ಮೇಲೊಂದು ಕುದುರೆಯ ಲಾಳ ಬಿಡಿಸಿದ ಕಪ್ಪು ಕಲ್ಲು ಇಡಿಸಿದ್ದರಂತೆ. ದಫೇದಾರಪ್ಪ ಆಮೇಲೂ ಕೆಲವು ವರ್ಷ ಮೈಸೂರಿನ ಲಾಯದಲ್ಲಿದ್ದು, ಪೆನ್ಷನ್ ಆಗಿ ಹಾಸನಕ್ಕೆ ಬಂದು ನೋಡಿದರೆ ಕಲ್ಲಿಲ್ಲ. ಮಳೆಗಾಲದಲ್ಲಿ ಸಮಾಧಿ ತೋಟದ ಗೋಡೆ ಬಿದ್ದಿತ್ತು, ಆಗ ಯಾರೋ ಹೊತ್ತುಕೊಂಡು ಹೋಗಿದ್ದರು. ಆ ದಿನವೇ ಹೋಗಿ ಅಲ್ಲಿನ ಕಾವಲು ಕೆಲಸ ಕೇಳಿ ತೆಗೆದುಕೊಂಡರು. ಕಲ್ಲಿದ್ದ ಜಾಗದಲ್ಲಿ ಗೂಟ ಹೊಡೆದು ಒಂದು ನಿಜವಾದ ಲಾಳ ನೇತುಹಾಕಿ, ದಿನಾ ಬೆಳಿಗ್ಗೆ ಅದಕ್ಕೆ ಸೆಲ್ಯೂಟ್.

ಅವನ ವಿಷಯ ಅವರು ನನ್ನ ಮುಂದೆ ಬಾಯಿ ಬಿಟ್ಟದ್ದು ಒಂದೇ ಸಲ. "ಮರಳ್ನಾಗೆ ನನ್ ಕುದ್ರೆ ಲಾಳ ಕಳ್ಕಂಡು ನಿಂತ್ಬುಡ್ತು. ಎಲ್ರೂ ಮುಂದಕ್ಕೆ ಓಗ್ಬುಟ್ರು. ಗುಂಡು ಬತ್ತಾ ಅವೆ. ಇವ್ನೊಬ್ಬ ನಿಂತ್ಕಂಡ ಕಣವ್ವ. ಬಾಯ್ತುಂಬ ಮೊಳೆ ಕಚ್ಕಂಡು, ನಮ್ಮವ್ವ ನಮ್ಮಪ್ಪ ಎಲ್ರನ್ನೂ ಸೇರ್ಸಿ ಬೈದ. ಬೈತಾ ಬೈತಾನೇ ಲಾಳ ಬಡ್ದ."

"ಬಾಯಲ್ಲಿ ಮೊಳೆ ಇದ್ದರೆ ಹೇಗೆ ಬೈತಾರೆ ದಫೇದಾರಪ್ಪ?"

"ಅದೇ ಅವನ್ ವಿದ್ಯೆ" ಎಂದು ಮುಖ ಆಚೆ ತಿರುಗಿಸಿದರು.

ಆ ಗೆಳೆಯನ ತಾಯಿ ಅನ್ನಮ್ಮಜ್ಜಿ, ಶಾಂತಿಗ್ರಾಮದ ಕಡೆಯ ಒಂದು ಹಳ್ಳಿಯಲ್ಲಿದ್ದಳು. ಪ್ರತಿ ನವೆಂಬರಿನಲ್ಲಿ ಆಲ್ ಸೋಲ್ಸ್ ಡೇ ಬಂದರೆ, ಸೆರಗಿನಲ್ಲಿ ಚೆಂಡುಹೂ, ಕೈಯಲ್ಲಿ ಮೇಣದಬತ್ತಿ ಹಿಡಿದು ಬರುವಳು. ಬಂದವಳು ಮೊದಲು ಕೇಳುವುದು, "ಸಿಕ್ತಾ ದಫೇದಾರಪ್ಪ?"

"ಮುಂದ್ಲೊರ್ಸ ನೋಡವ್ವ. ಕಲ್ಲಾರ ತತ್ತೀನಿ, ಕಳ್ಳನ್ನಾರ ತತ್ತೀನಿ, ಇಲ್ಲಾ ಎರಡೂವೆ."

ಹೀಗೆ ಹತ್ತು ವರ್ಷ ಮಾತು ಕೊಟ್ಟಿದ್ದರು. ಮುದುಕಿಯ ಬೆನ್ನು ವರ್ಷವರ್ಷಕ್ಕೂ ಬಾಗುತ್ತಿತ್ತು. ತಾನು ಮಾತು ಉಳಿಸಿಕೊಳ್ಳುವ ಮೊದಲೇ ಅವಳು ಬರುವುದು ನಿಂತುಹೋದರೆ ಎಂಬುದೊಂದೇ ಅವರ ಹೆದರಿಕೆ.

ಚಪ್ಪಟೆಯಾದ, ಹದವಾದ ಕಲ್ಲು ಯಾರಿಗೆ ಬೇಕು? ಬಟ್ಟೆ ಒಗೆಯುವವರಿಗೆ. ಇದು ಅವರ ತರ್ಕ. ಹೀಗಾಗಿ ಕೆಲಸ ಬಿಡುವಾದ ದಿನ ಊರೂರು ತಿರುಗಿ ಒಗೆಯುವ ಕಲ್ಲುಗಳನ್ನು ಮಗುಚಿ ನೋಡುವುದೇ ವ್ರತವಾಯಿತು. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಹೋಗಿ, "ಸ್ವಲ್ಪ ಏಳ್ರವ್ವ, ನಿಮ್ ಕಲ್ಲು ಮಗುಚ್ಬೇಕು" ಎಂದರಂತೆ. "ನಿನ್ ಎಂಡ್ರು ಸೀರೆ ಒಗ್ಯಕ್ಕೆ ಬಂದ್ಯೇನ್ಲಾ ಮೀಸೆ?" ಎಂದು ಹೆಂಗಸರು ಒದ್ದೆ ಬಟ್ಟೆ ಎತ್ತಿಕೊಂಡು ನಿಂತರಂತೆ. ಮರಳುಗಾಡಿನಲ್ಲಿ ಹಿಂದೆಗೆಯದ ದಫೇದಾರಪ್ಪ ಅಲ್ಲಿಂದ ಹಿಂದೆಗೆದರು. ಚನ್ನರಾಯಪಟ್ಟಣದಲ್ಲಿ ಒಂದು ಮನೆಯ ಹಿತ್ತಲಲ್ಲಿ ಬಹಳ ಆಸೆಯಿಂದ ಮಗುಚಿದ ಕಲ್ಲು, ಎಂದೋ ಕಳೆದುಹೋಗಿದ್ದ ಮೈಲಿಗಲ್ಲು. ಅರಕಲಗೂಡಿನಲ್ಲಿ ಮಾತ್ರ ಕೆರೆಯ ಮೆಟ್ಟಿಲಲ್ಲಿ ಬೋರಲಾಗಿ ಮಲಗಿದ್ದ ಒಂದು ವೀರಗಲ್ಲು ಸಿಕ್ಕಿತು. ಕುದುರೆ ಮೇಲೆ ಕತ್ತಿ ಎತ್ತಿದವನು, ಎಷ್ಟು ನೂರು ವರ್ಷದವನೋ. ದಫೇದಾರಪ್ಪ ಅವನಿಗೆ ಸೆಲ್ಯೂಟ್ ಹೊಡೆದು, ನಾಲ್ಕು ಆಳು ಕೂಡಿಸಿ, ಅರಳಿ ಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ ಬಂದರು. "ಇವ್ನೂ ನಮ್ ಪಡೆಯೋನೇ ಸಾ. ಡಿಸ್ಚಾರ್ಜ್ ಆಗ್ನಿಲ್ಲ, ಅಷ್ಟೇಯ" ಎಂದು ಅಪ್ಪನಿಗೆ ವರದಿ ಒಪ್ಪಿಸಿದರು.

ನನಗೆ ಹದಿಮೂರು ತುಂಬಿದ ವರ್ಷ, ದೀಪಾವಳಿ ರಜೆ. ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಹಂಡೆ ಬೆಳಗಿ, ಬಚ್ಚಲು ಉಜ್ಜುವ ಸಂಭ್ರಮ. ಹಬ್ಬಕ್ಕೆಂದು ದಂಡಿಗನಹಳ್ಳಿಯಿಂದ ದಫೇದಾರವ್ವನ ತಮ್ಮ ಬಂದಿದ್ದ. ಗಾಡಿ ಹೊಡೆಯುವವನು. ಹೆಸರು ಸಿದ್ದ. ಮೋರಿ ಕಟ್ಟಿಕೊಂಡು ನೀರು ನಿಂತಿತ್ತು. ಭಾವ, ಬಾಮೈದ ಸೇರಿ ಹಾರೆ ಹಾಕಿ ಬಚ್ಚಲ ಕಲ್ಲನ್ನು ಎಬ್ಬಿಸಿದರು.

ಪಕ್ಕದ ಗೋಡೆಯ ಮೇಲಿಂದ ನನಗೆ ಕೂಗು ಬಂತು. "ಪುಟ್ಟವ್ವಾರೇ, ವಸಿ ಬನ್ನಿ. ಓದ್ಬೇಕು." ಆ ದನಿಯಲ್ಲಿ ಯಾವ ಬಾಲವೂ ಇರಲಿಲ್ಲ.

ಹೋಗಿ ನೋಡಿದೆ. ಗೋಡೆಗೆ ಒರಗಿಸಿದ ಕಲ್ಲಿನ ಅಡಿ ಮಗ್ಗುಲಲ್ಲಿ, ಕೆಸರಿನ ನಡುವೆ, ಒಂದು ಲಾಳ. ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಹೆಸರು ಓದಿದೆ, ಪಡೆಯ ಹೆಸರು ಓದಿದೆ. ನೆಲದ ಜೇಡಿಯಲ್ಲೂ ಅದೇ ಅಕ್ಷರಗಳು ತಿರುಗುಮುರುಗಾಗಿ ಅಚ್ಚೊತ್ತಿದ್ದವು.

ಹನ್ನೊಂದು ವರ್ಷ ದಫೇದಾರಪ್ಪ ದಿನಾ ಆ ಕಲ್ಲಿನ ಮೇಲೆ ನಿಂತು ತಲೆಗೆ ನೀರು ಸುರಿದುಕೊಳ್ಳುತ್ತಾ, ಅದನ್ನು ಕದ್ದವನಿಗೆ ಗಟ್ಟಿಯಾಗಿ ಶಾಪ ಹಾಕಿದ್ದರು. ನಮ್ಮ ಮನೆಗೆ ಅದು ಗಡಿಯಾರದ ಹಾಗಿತ್ತು. ಶಾಪ ಕೇಳಿಸಿದರೆ ಏಳೂವರೆ.

ಮೊದಲು ಬಾಯಿಬಿಟ್ಟವನು ಸಿದ್ದ. "ನಾನೇ ಕಣ್ ಬಾವ ತಂದಿದ್ದು. ನೀವು ಮೈಸೂರ್ನಾಗಿದ್ರಿ. ಅಕ್ಕ ಮನೆ ಕಟ್ತಾ ಇದ್ಲು, ಬಚ್ಚಲಿಗೆ ಕಲ್ಲು ಬೇಕು ಅಂದ್ಲು. ಗ್ವಾಡೆ ಬಿದ್ದಿತ್ತಲ್ಲ, ಕಲ್ಲಿನ ರಾಸಿನಾಗೆ ಇತ್ತು, ಗಾಡಿಗೆ ಆಕ್ಕಂಡೆ. ಗ್ವಾಡೆ ಕಲ್ಲು ಅನ್ಕಂಡೆ."

"ಲಾಳ ಕಾಣ್ನಿಲ್ವೇನ್ಲಾ?"

"ಕಾಣ್ತು. ಅದೇನೋ ಚಿತ್ತಾರ, ನಯವಾಗಿತ್ತು. ಒದ್ದೆ ಕಾಲು ಮಡಗುದ್ರೆ ಅಕ್ಕ ಜಾರಿ ಬಿದ್ದಾಳು ಅಂತ ಒರಟು ಮಗ್ಗುಲ್ನ ಮ್ಯಾಲೆ ಮಾಡಿ ಕೂರುಸ್ದೆ."

ದಫೇದಾರವ್ವ ಬಾಗಿಲು ಹಾಕಿದಳು. "ಮಗುಚಾಕಿ ಅತ್ಲಾಗೆ. ಯಾರು ನೋಡವ್ರೆ? ಇವ್ನಿಗೆ ಒಂದ್ ವರ್ಸ ಆಯ್ತದಲ್ಲ, ನೀವೇ ಊರೆಲ್ಲ ಸಾರ್ಕಂಡು ಬಂದಿದ್ದೀರಲ್ಲ!" ಆಮೇಲೆ ನನ್ನನ್ನು ಕಂಡು ಸೆರಗು ಬಾಯಿಗೆ ಹಿಡಿದುಕೊಂಡಳು.

ದಫೇದಾರಪ್ಪ ಹೊಸದಾಗಿ ತುಂಬಿಸಿದ್ದ ಹಂಡೆಯಿಂದ ಒಂದು ಚೊಂಬು ನೀರು ತೆಗೆದು, ಅಂಗೈಯಿಂದ ತಿಕ್ಕಿ ತಿಕ್ಕಿ ಕೆಸರು ತೊಳೆದರು. ಮಾರನೆಯ ದಿನ ಊರಿಗೆ ಊರೇ ಎಣ್ಣೆನೀರು ಹಾಕಿಕೊಂಡಿತು. ಅವರ ಬಚ್ಚಲಿಂದ ಶಾಪ ಕೇಳಿಸಲಿಲ್ಲ. ಏಳೂವರೆ ಆದದ್ದೇ ನಮಗೆ ಗೊತ್ತಾಗಲಿಲ್ಲ.

ಒಂಬತ್ತಕ್ಕೆ ಅಪ್ಪನ ಮುಂದೆ ಬಂದು ನಿಂತರು, ಮೆಡಲು ಇಲ್ಲದೆ. "ನನ್ ಮ್ಯಾಲೆ ಕೇಸ್ ಆಕ್ಸಿ ಸಾ. ಸಿದ್ದನ್ ಎಸ್ರು ಬ್ಯಾಡ."

"ನಿಮಗೆ ಗೊತ್ತೇ ಇರಲಿಲ್ಲವಲ್ರೀ. ಗೊತ್ತಿಲ್ಲದೆ ಮಾಡಿದ್ದು ಸೆಕ್ಷನ್ನಿಗೆ ಬರೋಲ್ಲ."

"ಆಡ್ನೋರೂ ಗೊತ್ತಿಲ್ಲ ಅಂದಿದ್ರು ಸಾ. ನಾ ಬುಟ್ನಾ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. ವಾದದಲ್ಲಿ ಸೋತಾಗ ಅವರು ಹಾಗೆ ಮಾಡುತ್ತಿದ್ದರು. "ನೋಡಿ ದಫೇದಾರ್ರೇ, ಇದು ಫೀಲಿಂಗ್ಸಿನ ಕಾನೂನು. ನೋವಾಗಿರೋದು ಆ ಮುದುಕಿಗೆ. ಅವಳು ದೂರು ಕೊಟ್ಟರೆ ನಾನು ತಡೆಯೋಕಾಗಲ್ಲ, ಸಿದ್ದನ ಹೆಸರೂ ಬರುತ್ತೆ. ಮೊದಲು ಅವಳನ್ನ ಕೇಳಿ."

ಆಲ್ ಸೋಲ್ಸ್ ಡೇ ಬೆಳಿಗ್ಗೆ ಅನ್ನಮ್ಮಜ್ಜಿ ಬಂದಾಗ, ಲಾಳದ ಗೂಟದ ಪಕ್ಕದಲ್ಲಿ ಕಲ್ಲು ಒರಗಿಸಿತ್ತು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ತಲೆ ತಗ್ಗಿಸಿದ ಸಿದ್ದ, ಅವನ ಹಿಂದೆ ಅವನ ಅಂಗಿ ಹಿಡಿದುಕೊಂಡೇ ನಿಂತ ದಫೇದಾರವ್ವ. ನನ್ನ ಕೈಯಲ್ಲಿ ಪೀನಲ್ ಕೋಡ್. ನಾನು ಓದಲೇಬೇಕೆಂದು ದಫೇದಾರಪ್ಪನ ಆರ್ಡರ್. ಓದಿದೆ, ಕನ್ನಡವನ್ನೂ ಹೇಳಿದೆ. ಈ ಸಲ ಅಳು ಬರಲಿಲ್ಲ.

ದಫೇದಾರಪ್ಪ ಅಟೆನ್ಷನ್ನಿನಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿದರು. ಗಾಡಿ, ಗೋಡೆ, ಬಚ್ಚಲು, ಹನ್ನೊಂದು ವರ್ಷ. ಬಾಮೈದ ಎನ್ನುವ ಮಾತು ಬರುವಾಗ ಒಂದು ಸಲ ತಡವರಿಸಿದರು, ಆದರೆ ಹೇಳಿದರು. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. "ನಿನ್ ಮಗನ್ ಮ್ಯಾಲೆ ನಿಂತ್ಕಂಡು ಮೈ ತೊಳ್ಕಂಡಿವ್ನಿ ಕಣವ್ವ. ಏನ್ ಮಾಡ್ತೀಯೋ ಮಾಡು."

ಅನ್ನಮ್ಮಜ್ಜಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಲಾಳದ ಸುತ್ತ ಬೆರಳು ಆಡಿಸಿದಳು.

"ದಿನಾ ನೀರು ಉಯ್ಕತ್ತಿದ್ದಾ?"

"ದಿನಾ ಅವ್ವ."

"ಬಿಸ್ನೀರಾ, ತಣ್ಣೀರಾ?"

"ಬಿಸ್ನೀರು."

"ಸೀಗೆಪುಡಿ?"

"ಸೋಮ್ವಾರ ಸೋಮ್ವಾರ. ಅಬ್ಬಕ್ಕೆ ಎಣ್ಣೆ."

ಮುದುಕಿಯ ಬೆನ್ನು ಅಲ್ಲಾಡತೊಡಗಿತು. ಅಳುತ್ತಿದ್ದಾಳೆಂದು ಅಪ್ಪ ಒಂದು ಹೆಜ್ಜೆ ಮುಂದಿಟ್ಟರು. ಅವಳು ನಗುತ್ತಿದ್ದಳು. ಬಾಯಲ್ಲಿ ಉಳಿದಿದ್ದ ಎರಡು ಹಲ್ಲೂ ಕಾಣುವಂತೆ ನಗುತ್ತಿದ್ದಳು.

"ಅಯ್ಯೋ ನನ್ನಪ್ಪ! ನೀರು ಕಂಡ್ರೆ ಅಟ್ಟ ಅತ್ಕತ್ತಿದ್ದ ಕಣ್ಲಾ ಅವ್ನು! ದಂಡಿಗೆ ಸೇರೋಗಂಟ ನಾನು ಕಿವಿ ಇಡ್ಕಂಡು ಎಳ್ಕಂಡೋಗಿ ಬಚ್ಚಲಿಗೆ ಕೆಡವ್ತಿದ್ದೆ. ಅಲ್ಲಿ ಗೋರಿನಾಗೆ ಹೆಂಗವ್ನೋ, ಮೈ ಕೊಳೆ ಆಗದೋ ಅಂತ ಒಂದೊಂದಿನ ಯೋಚ್ನೆ ಬರೋದು. ಹನ್ನೊಂದ್ ವರ್ಸ ಬಿಸ್ನೀರು ಉಯ್ದವ್ನೆ, ಇವ್ನ ಜೈಲಿಗ್ ಆಕ್ಲಾ?"

ದಫೇದಾರವ್ವ ತಮ್ಮನ ಅಂಗಿ ಬಿಟ್ಟಳು. ಅಪ್ಪ ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿದರು. ಅಲ್ಲಿಗೆ ಮುಗಿಯಬೇಕಿತ್ತು. ದಫೇದಾರಪ್ಪ ಮಾತ್ರ ಕದಲಲಿಲ್ಲ.

"ಅಂಗೆಲ್ಲ ಆಗಾಕಿಲ್ಲ. ಸಿಕ್ಸೆ ಆಗ್ಲೇಬೇಕು."

"ಆಗ್ಲಿ ಬುಡು" ಎಂದಳು ಅನ್ನಮ್ಮಜ್ಜಿ, ಮೊಣಕಾಲು ಹಿಡಿದು ಏಳುತ್ತ. "ಆ ಗಾಡಿಯೋನು ಕಲ್ಲು ನೆಡ್ಲಿ. ನೀನು ವರ್ಸೊರ್ಸ ಅಬ್ಬದಲ್ಲಿ ಅವ್ನಿಗೆ ಬಿಸ್ನೀರು ಉಯ್ಯಿ, ಇದ್ದಕ್ಕಿದ್ದಂಗೆ ನಿಲ್ಲಿಸ್ಬ್ಯಾಡ. ಅಭ್ಯಾಸ ಆಗೋಗದೆ ಅವ್ನಿಗೆ."

ಅಂದಿನಿಂದ ಪ್ರತಿ ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ, ಹಾಸನದ ಜನ ಎಣ್ಣೆನೀರು ಹಾಕಿಕೊಳ್ಳುವ ಹೊತ್ತಿಗೆ, ದಫೇದಾರಪ್ಪ ತಾಮ್ರದ ಕೊಡದಲ್ಲಿ ಬಿಸಿನೀರು ಹೊತ್ತು ಸಮಾಧಿ ತೋಟಕ್ಕೆ ಹೋಗುವರು. ಲಾಳಕ್ಕೆ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಬೈಯುತ್ತಾ ಬೈಯುತ್ತಾ ನೀರು ಹುಯ್ಯುವರು. ಕಾನ್ವೆಂಟಿನಲ್ಲಿ ಇದನ್ನು ಹೇಳಿದಾಗ ಸಿಸ್ಟರ್, "ವೆರಿ ಇರ್ರೆಗ್ಯುಲರ್" ಎಂದರು. ಸ್ವಲ್ಪ ಹೊತ್ತಿನ ಮೇಲೆ ಕರೆದು, "ನೀರು ಎಷ್ಟು ಬಿಸಿ ಇರುತ್ತೆ?" ಎಂದು ಕೇಳಿದರು.

ಅನ್ನಮ್ಮಜ್ಜಿ ಇನ್ನೂ ಮೂರು ನವೆಂಬರು ಬಂದಳು. ಎರಡನೇ ಯುದ್ಧ ನಡೆಯುತ್ತಿದ್ದಾಗ, ಒಂದು ಶ್ರಾವಣದಲ್ಲಿ ದಫೇದಾರಪ್ಪನೂ ಹೋದರು. ಅವರ ಜನ ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಮೇಲೆ ಕಲ್ಲಿಲ್ಲ. "ಕಲ್ಲು ಆಕ್ಬ್ಯಾಡಿ. ಯಾರಾರ ಬಚ್ಚಲಿಗೆ ಆಸೆ ಆಯ್ತದೆ" ಎಂದು ಹೇಳಿಟ್ಟಿದ್ದರಂತೆ.

ನನಗಾಗ ಮದುವೆಯಾಗಿತ್ತು. ಆ ವರ್ಷ ದೀಪಾವಳಿಗೆ ತವರಿಗೆ ಬಂದಿದ್ದೆ. ನರಕ ಚತುರ್ದಶಿಯ ಬೆಳಿಗ್ಗೆ ಏಳೂವರೆಗೆ ಗೋಡೆಯಾಚೆ ಸದ್ದಿಲ್ಲ. ಅಜ್ಜಿ ಹಂಡೆಯಿಂದ ಒಂದು ಚೊಂಬು ಬಿಸಿನೀರು ಮೊಗೆದು, ನನ್ನ ಕೈಗಿಟ್ಟಳು. ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿ, ಹತ್ತು ವರ್ಷದವಳಿದ್ದಾಗ ಹಾರಿದ್ದ ಅದೇ ಗೋಡೆಯ ಪಕ್ಕದ ದಿಡ್ಡಿ ಬಾಗಿಲಿಂದ ಹೋದೆ.

ಕಲ್ಲು ಆಗಲೇ ಒದ್ದೆಯಾಗಿತ್ತು. ಹಬೆಯಾಡುತ್ತಿತ್ತು, ಸೀಗೆಪುಡಿಯ ವಾಸನೆ. ಅದರ ಹಿಂದೆ ಕೂತು ಅಂಗೈಯಿಂದ ತಿಕ್ಕುತ್ತಿದ್ದವನು ನನ್ನನ್ನು ಕಂಡು ಬೆಚ್ಚಿ ಎದ್ದ. ಸಿದ್ದ. ತಲೆ ನರೆತಿತ್ತು. ದಂಡಿಗನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದ.

"ಪುಟ್ಟವ್ವಾರೇ, ಸೆಕ್ಷನ್ ಓದ್ಬ್ಯಾಡಿ" ಎಂದ.

ನಾನು ಚೊಂಬು ತೋರಿಸಿದೆ.

"ನಾ ಉಯ್ದಾಯ್ತಲ್ಲವ್ವ. ನೀವು ಉಯ್ತೀರಾ, ಇಲ್ಲಾ ನಂದೇ ಸಾಕಾ?"

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ಪಕ್ಕಕ್ಕೆ ಸರಿದು ನಿಂತ, ನಾನು ಲಾಳದ ಮೇಲೆ ನಿಧಾನವಾಗಿ ನೀರು ಹುಯ್ದೆ.